ಚಟಪಟ ಸದ್ದು ಹೋಯಿತು: ಬೋರ್ಡ್ ಬದಲಾಯಿಸದೆ, ಅರ್ಥಿಂಗ್ ಸರಿಪಡಿಸಿ

ಕಂಪ್ಯೂಟರಿನ ಧ್ವನಿಯಲ್ಲಿ ಚಟಪಟ ಸದ್ದು ಶುರುವಾದರೆ ಬೋರ್ಡ್ (ಮದರ್‌ಬೋರ್ಡ್) ಬದಲಾಯಿಸಿ ಎನ್ನುವವರೇ ಎಲ್ಲರೂ. ನಾನು ಬದಲಾಯಿಸಲಿಲ್ಲ. ಸುಮಾರು ಎಂಟು ವರ್ಷದ ಅದೇ ಬೋರ್ಡಿನಲ್ಲಿ, ಅದರದೇ ಲೈನ್ ಇನ್ (ಹೊರಗಿನ ಧ್ವನಿ ಒಳಬರುವ ತೂತು) ಮೂಲಕ, ಈಗ ಕ್ಯಾಸೆಟ್ಟುಗಳನ್ನು ಶುದ್ಧವಾಗಿ ಇಳಿಸಿಕೊಳ್ಳುತ್ತಿದ್ದೇನೆ. ಆಗುವುದಿಲ್ಲ ಎಂದು ಪಂಥ ಕಟ್ಟಿದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ಚಿತ್ರದುರ್ಗದ ಮನೆಯಲ್ಲಿ ಕುಳಿತು ನಾನು ಮಾಡುವುದು ಹಳೆಯ ಕ್ಯಾಸೆಟ್ಟುಗಳ ಕೆಲಸ. ಭಜನೆ, ತತ್ವಪದ, ಕಂಪನಿ ನಾಟಕಗಳ ದೃಶ್ಯಗಳು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ತಂಡಗಳನ್ನು ನೋಡಿ ಬೆಳೆದ ಸೀಮೆ ಇದು. ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ನಾಟಕ ನೋಡಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಒಂದು ಕ್ಯಾಸೆಟ್ಟಿಗೆ ನೂರೈವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಕೆಲವು ಟೇಪುಗಳು ಒಮ್ಮೆ ಓಡಿದರೆ ಮತ್ತೊಮ್ಮೆ ಓಡುವ ಭರವಸೆ ಇರುವುದಿಲ್ಲ. ತೀರಿಕೊಂಡ ತಂದೆಯ ದನಿಯ ಮೇಲೆ ನನ್ನ ಯಂತ್ರದ ಚಟಪಟ ಕೂರಿಸಿ ಕೊಡುವುದು ನನ್ನಿಂದಾಗದ ಮಾತು.

ಮೊದಲು ಖರ್ಚಿನ ಲೆಕ್ಕ. ಇನ್ನೂರೈವತ್ತು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್: ಚಟಪಟ ಹಾಗೆಯೇ ಉಳಿಯಿತು, ಮೇಲೆ ಒಂದು ಶಿಳ್ಳೆ ಬೇರೆ ಸೇರಿಕೊಂಡಿತು. ಎರಡೂವರೆ ಸಾವಿರದ ಇನ್ನೊಂದನ್ನು ಕೊಂಡುತಂದೆ: ಶಿಳ್ಳೆ ಹೋಯಿತು, ಚಟಪಟ ಹೋಗಲಿಲ್ಲ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಹೊಸ ಎಸ್‌ಎಂಪಿಎಸ್‌ಗೆ ಎರಡು ಸಾವಿರದ ಮೇಲೆ ಹೋಯಿತು. ವಿಂಡೋಸ್ ಅಳಿಸಿ ಮತ್ತೆ ಹಾಕಿಸಿದ್ದಕ್ಕೆ ಐನೂರು. ಕೊನೆಗೆ ಅಂಗಡಿಯಾತ, “ಸರ್, ಬೋರ್ಡೇ ಹೋಗಿದೆ, ಏಳೂವರೆ ಸಾವಿರ ಕೊಟ್ಟರೆ ನಾಳೆ ಕೈಗೆ ಕೊಡುತ್ತೇನೆ” ಎಂದ. ಅಲ್ಲಿಂದ ಕಂಪ್ಯೂಟರನ್ನು ಎತ್ತಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಮಾಡಿದ ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ. ಟೇಪ್ ಓಡಿಸದೆ ಬರೀ ಮೌನವನ್ನು ಐದು ನಿಮಿಷ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಮುದ್ರಿಸಿಕೊಂಡೆ. ಆ ಕಡತವನ್ನು ಮೊಬೈಲಿಗೆ ಹಾಕಿ ಕೇಳಿದೆ. ಅಲ್ಲಿಯೂ ಸದ್ದು ಕೇಳಿಸಿದರೆ ರೋಗ ಒಳಬರುವ ದಾರಿಯಲ್ಲಿದೆ; ಕೇಳಿಸದಿದ್ದರೆ ಹೊರಹೋಗುವ ದಾರಿಯಲ್ಲಿದೆ. ನನಗೆ ಮೊಬೈಲಿನಲ್ಲೂ ಕೇಳಿಸಿತು. ಆಮೇಲೆ ಒಂದೇ ಸಮನಾದ ನಾದವೊಂದನ್ನು ಮುದ್ರಿಸಿ, ಅಲೆಯ ಗೆರೆಯನ್ನು ಒಂದೊಂದು ಚುಕ್ಕೆಯೂ ಕಾಣುವಷ್ಟು ಹಿಗ್ಗಿಸಿದೆ. ಒಂದಲ್ಲ, ಎರಡು ಬಗೆಯ ಗಾಯಗಳು ಕಂಡವು. ಕೆಲವು ಕಡೆ ನುಣ್ಣಗೆ ಇಳಿಯುತ್ತಿದ್ದ ಗೆರೆ ತಟ್ಟನೆ ಕಡಿದು, ನೇರ ಮೇಲಕ್ಕೆ ಜಿಗಿದು, ಅಲ್ಲಿಂದ ಮುಂದುವರಿದಿತ್ತು. ಅಂದರೆ ನಡುವಿನ ಚುಕ್ಕೆಗಳೇ ಕಳೆದುಹೋಗಿದ್ದವು. ಇನ್ನು ಕೆಲವು ಕಡೆ ಗೆರೆ ಎಲ್ಲಿಯೂ ಕಡಿದಿರಲಿಲ್ಲ, ಆದರೆ ಅದರ ಮೇಲೆ ಜಾಲಿ ಮುಳ್ಳಿನಂತೆ ಸಣ್ಣ ಮೊನೆಗಳು ಎದ್ದಿದ್ದವು. ಮೊನೆಯಿಂದ ಮೊನೆಗೆ ಅಳೆದರೆ ಸರಿಯಾಗಿ 10 ಮಿಲಿಸೆಕೆಂಡ್. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು; ಒಂದು ಸುತ್ತಿಗೆ ಎರಡು ಏರಿಳಿತ, ಸೆಕೆಂಡಿಗೆ ನೂರು. ಆ ಗೆರೆಯನ್ನು ನೋಡಿದ ಮೇಲೆ ನನಗೆ ಯಾರ ಸಲಹೆಯೂ ಬೇಕಾಗಲಿಲ್ಲ. ಎರಡು ರೋಗ ಒಂದೇ ಸದ್ದಿನಲ್ಲಿ ಬೆರೆತಿದ್ದವು. ಒಂದಕ್ಕೆ ಮದ್ದು ಮಾಡಿದಾಗ ಇನ್ನೊಂದು ಉಳಿಯುತ್ತಿದ್ದುದರಿಂದ, ಯಾವ ಮದ್ದೂ ಹಿಡಿಯಲಿಲ್ಲ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು.

ಕಡಿದ ಗೆರೆಯದು ಸುಲಭದ ರೋಗ. ಧ್ವನಿಯ ಕೆಲಸವನ್ನು ಕಂಪ್ಯೂಟರಿನಲ್ಲಿ ಯಾವುದು ಎಷ್ಟು ಹೊತ್ತು ತಡೆಯುತ್ತಿದೆ ಎಂದು ಅಳೆಯುವ ಲೇಟೆನ್ಸಿಮಾನ್ ತಂತ್ರಾಂಶ ಓಡಿಸಿದೆ. ವೈಫೈ ಇದ್ದಾಗ ಅಂಕಿ ಮೂರು ನಾಲ್ಕು ಸಾವಿರ ಮೈಕ್ರೋಸೆಕೆಂಡಿಗೆ ಹಾರುತ್ತಿತ್ತು, ವೈಫೈ ತೆಗೆದರೆ ಮುನ್ನೂರರ ಒಳಗೆ. ತಪ್ಪಿತಸ್ಥ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಪಟ್ಟಿಯ ತಲೆಯ ಮೇಲೆಯೇ ಕುಳಿತಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡನ್ನು ಮುಚ್ಚಿ, ರೂಟರಿನಿಂದ ಮುನ್ನೂರು ರೂಪಾಯಿಯ ತಂತಿ ಎಳೆದೆ. ವಿಂಡೋಸ್, ಆಡಾಸಿಟಿ ಎರಡರಲ್ಲೂ ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಮುದ್ರಿಸುವ ಚುಕ್ಕೆಗಳ ಸಂಖ್ಯೆ) 48,000 ಎಂದೇ ಇಟ್ಟೆ. ಒಂದು ಕಡೆ 44,100, ಇನ್ನೊಂದು ಕಡೆ 48,000 ಇರಬಾರದು. ಬಫರನ್ನು, ಅಂದರೆ ಧ್ವನಿಯನ್ನು ತುಸು ಹೊತ್ತು ಹಿಡಿದಿಡುವ ಜಾಗವನ್ನು, ನೂರು ಮಿಲಿಸೆಕೆಂಡಿನಿಂದ ಇನ್ನೂರಕ್ಕೆ ಏರಿಸಿದೆ. ಹಾಡುವವರ ಕಿವಿಗೆ ಆ ಕ್ಷಣವೇ ಮರಳಿ ಕೇಳಿಸಬೇಕಾದ ಸ್ಟುಡಿಯೊ ನಮ್ಮದಲ್ಲ, ತಡವಾದರೆ ನಷ್ಟವಿಲ್ಲ. ಪವರ್ ಆಯ್ಕೆಗಳಲ್ಲಿ ಇನ್ನೂ ಒಂದು ಬದಲಾವಣೆ ಮಾಡಿದ್ದೇನೆ. ಅದು ನನ್ನ ಬಳಿಯೇ ಇರಲಿ.

ಮುಳ್ಳುಗಳದು ಬೇರೆಯೇ ಕಥೆ. ವಿಂಡೋಸ್ ಬದಲು ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿದೆ, ಮುಳ್ಳು ಇದ್ದವು. ಹಾಗಾದರೆ ಡ್ರೈವರಿನ ಮಾತೇ ಇಲ್ಲ. ಕೋಣೆಯ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿದರೆ ಕಡಿಮೆಯಾಗುತ್ತಿದ್ದವು, ನಡುವೆ ನಿಲ್ಲಿಸಿದರೆ ಹೆಚ್ಚಾಗುತ್ತಿದ್ದವು. ಕ್ಯಾಬಿನೆಟ್ಟಿನ ತಗಡಿಗೆ ಕೈಯ ಹಿಂಬದಿ ತಾಗಿಸಿದರೆ ಸಣ್ಣಗೆ ಜುಮ್ಮೆನ್ನುತ್ತಿತ್ತು, ಟೆಸ್ಟರ್ ಮಿಣಮಿಣ ಹೊತ್ತುತ್ತಿತ್ತು. ಒದ್ದೆ ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು ಮಲ್ಟಿಮೀಟರ್ ಹಿಡಿದರೆ ಕ್ಯಾಬಿನೆಟ್ಟಿನಲ್ಲಿ ನೂರರ ಆಸುಪಾಸು ವೋಲ್ಟ್. ಅರ್ಥ್ (ನೆಲದ ಸಂಪರ್ಕ) ಸಿಗದ ಎಸ್‌ಎಂಪಿಎಸ್ ಹೀಗೆಯೇ ಮಾಡುತ್ತದೆ: ಅದರ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಕರೆಂಟಿನ ಅರ್ಧದಷ್ಟು ಒತ್ತಡವನ್ನು ತಗಡಿಗೆ ತಂದಿಡುತ್ತವೆ. ಗೋಡೆಯ ಸಾಕೆಟ್ಟಿನಲ್ಲಿ ಮೂರನೆಯ ತೂತು ಇತ್ತು, ಹಸಿರು ತಂತಿಯೂ ಇತ್ತು. ಆ ತಂತಿ ಹೋಗಿ ಸೇರುವ ಹಿತ್ತಲಿನ ಅರ್ಥಿಂಗ್ ಗುಂಡಿ ಒಣಗಿ ಎಷ್ಟು ವರ್ಷವಾಗಿತ್ತೋ.

ಚಿತ್ರದುರ್ಗದಲ್ಲಿ ಗುಂಡಿ ತೋಡುವುದೆಂದರೆ ಗೊತ್ತಲ್ಲ, ಮೂರಡಿಗೆ ಬಂಡೆ. “ಅಣ್ಣಾ, ಎಂಟಡಿ ಪೈಪ್ ಇಲ್ಲಿ ಇಳಿಯುವುದಿಲ್ಲ. ಅದಿರಲಿ, ಕಂಪ್ಯೂಟರಿನ ಸದ್ದಿಗೂ ಗುಂಡಿಗೂ ಏನು ಸಂಬಂಧ?” ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಾಡಿಸಿಬಿಟ್ಟ. ಪೈಪ್ ಇಳಿಯದಿದ್ದರೆ ಪಟ್ಟಿ ಮಲಗಿಸೋಣ ಎಂದೆ. ಬಚ್ಚಲ ನೀರು ಹರಿಯುವ ಬಾಳೆಗಿಡಗಳ ಸಾಲಿನಲ್ಲಿ, ಬಂಡೆ ಸಿಗುವ ತನಕದ ಆಳಕ್ಕೆ, ಹನ್ನೆರಡು ಅಡಿ ಉದ್ದದ ಕಾಲುವೆ ತೋಡಿಸಿ ಜಿ.ಐ. (ಸತುವಿನ ಲೇಪದ ಕಬ್ಬಿಣ) ಪಟ್ಟಿಯನ್ನು ಅಡ್ಡಲಾಗಿ ಹಾಸಿದೆವು. ಸುತ್ತ ಇದ್ದಿಲು, ಉಪ್ಪು, ಮತ್ತೆ ನಾನು ಸೇರಿಸಿದ ಇನ್ನೊಂದು ವಸ್ತು. ಅದರ ಹೆಸರನ್ನು ಕೇಳಬೇಡಿ. ಕೂಲಿ, ಪಟ್ಟಿ, ತಂತಿ ಎಲ್ಲ ಸೇರಿ ನಾಲ್ಕು ಸಾವಿರ ಆಗಿರಬಹುದು. ಮೇನ್ ಆರಿಸಿ ತಂತಿ ಜೋಡಿಸಿದ್ದು ಎಲೆಕ್ಟ್ರಿಷಿಯನ್ನನೇ. ಅಲ್ಲಿ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ಆಮೇಲೆ ಮೀಟರ್ ಹಿಡಿದರೆ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಮಾತ್ರ. ಮುಳ್ಳು ಮಾಯ. ಎಲೆಕ್ಟ್ರಿಷಿಯನ್ ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದ. ಈಗ ಅವನೇ ಬೇರೆ ಮನೆಗಳಲ್ಲಿ ಪಟ್ಟಿ ಮಲಗಿಸುತ್ತಿದ್ದಾನೆ.

ಒಂದು ಸಣ್ಣ ಗುಂಯ್ ಉಳಿದಿತ್ತು. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಕಂಪ್ಯೂಟರ್ ಇನ್ನೊಂದು ಗೋಡೆಯಲ್ಲಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆ, ಅದೂ ಹೋಯಿತು. ಕೆಲವರು ಆಂಪ್ಲಿಫೈಯರಿನ ಮೂರನೆಯ ಪಿನ್ ಕಿತ್ತುಹಾಕಿ ಗುಂಯ್ ನಿಲ್ಲಿಸುತ್ತಾರೆ. ಜೀವಕ್ಕೆ ಕುತ್ತು ತರುವ ಕೆಲಸ ಅದು. ಅಷ್ಟು ಅವಸರವಿದ್ದರೆ, ಎರಡು ಯಂತ್ರಗಳ ನಡುವೆ ತಂತಿಯ ನೇರ ಸಂಪರ್ಕವಿಲ್ಲದೆ ಧ್ವನಿ ದಾಟಿಸುವ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಕೊಳ್ಳಿ.

ಈ ಓಡಾಟದ ನಡುವೆ ಟೇಪ್ ಡೆಕ್ಕಿನಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ ಮೇಲೂ ಕೈಯಾಡಿಸಿದೆ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಪ್ರತಿ ಕ್ಯಾಸೆಟ್ಟಿಗೂ ಕೂದಲೆಳೆಯಷ್ಟು ತಿರುಗಿಸಿ, ತಾಳದ ಸದ್ದು ಅತ್ಯಂತ ಚುರುಕಾಗಿ ಕೇಳುವಲ್ಲಿ ನಿಲ್ಲಿಸುತ್ತೇನೆ. ಮಂಕಾಗಿದ್ದ ಭಜನೆಯ ಕಂಚಿನ ತಾಳ ಆಗ ಠಣ್ಣೆಂದು ಎದ್ದು ಬರುತ್ತದೆ. ಎಷ್ಟೋ ಜನ ಟೇಪ್ ಸವೆದಿದೆ ಎಂದು ಎಸೆದದ್ದು ಬರೀ ಈ ತಿರುಪಿನ ವ್ಯತ್ಯಾಸಕ್ಕೆ. ಮುಂಭಾಗದ ಆಡಿಯೊ ತಂತಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಯೂ ನೋಡಿದೆ. ನನ್ನ ಕಿವಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ.

ಲ್ಯಾಪ್‌ಟಾಪಿನವರು ಗುಂಡಿಯ ಚಿಂತೆಗೆ ಹೋಗುವ ಮುನ್ನ ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆ ಐದು ನಿಮಿಷದ ಮೌನ ಮುದ್ರಿಸಿಕೊಳ್ಳಿ. ಮುಳ್ಳು ಹೋದರೆ ಅರ್ಥಿಂಗ್ ನೋಡಿಸಿ. ಒಂದೇ ಸಮನಾದ ನಾದವನ್ನು ಮುದ್ರಿಸಿದಾಗ ಗೆರೆ ಕಡಿದಿದ್ದರೆ ವೈಫೈ ಆರಿಸಿ ಇನ್ನೊಮ್ಮೆ ಮುದ್ರಿಸಿ.