ಕಾಗದದಲ್ಲಿ ಮುತ್ತುಗದ ಹೂ: ಕೊಕ್ಕು ಬಾಗಿಸುವುದೇ ನಿಜವಾದ ಕೆಲಸ

ಫೆಬ್ರವರಿ, ಮಾರ್ಚ್ ಬಂತೆಂದರೆ ಚಿತ್ರದುರ್ಗದ ಸುತ್ತಮುತ್ತ ಎಲೆ ಉದುರಿಸಿದ ಮುತ್ತುಗದ ಮರಗಳು ಮೈತುಂಬ ಹೂ ಬಿಡುತ್ತವೆ. ಕಾಗದದಲ್ಲಿ ಈ ಹೂ ಮಾಡಲು ಕೂತವರು ಜಾಸ್ತಿ ಎಡವುವುದು ಒಂದೇ ಕಡೆ. ಗಿಳಿಯ ಕೊಕ್ಕಿನಂತೆ ಬಾಗಿದ ಆ ನಡುವಿನ ದಳದಲ್ಲಿ.

ಮೊದಲು ರಸ್ತೆ ಬದಿಯ ಮರದಡಿ ಬಿದ್ದ ಹೂವೊಂದನ್ನು ಬಿಡಿಸಿ ನೋಡಿ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ವನ್ಯಧಾಮ, ಅಲ್ಲಿಂದ ಮಾತ್ರ ಏನೂ ತರಬೇಡಿ. ಹಿಂದೆ ಅಗಲವಾದ ಒಂದು ದಳ, ಪಕ್ಕದಲ್ಲಿ ಎರಡು, ಉಳಿದೆರಡು ಕೂಡಿಕೊಂಡು ಕೊಕ್ಕು. ಇವನ್ನೇ ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದರೆ ಅಳತೆ ಸಿಕ್ಕಿತು.

120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಡ್ರಾಯಿಂಗ್ ಹಾಳೆ ಸಾಕು. ಮಿರುಗುವ ಚಾರ್ಟ್ ಪೇಪರ್ ಬೇಡವೇ ಬೇಡ, ಮಡಿಚಿದಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಕತ್ತರಿಸುವ ಮೊದಲೇ ಕಿತ್ತಳೆಗೆ ಸ್ವಲ್ಪ ಕೆಂಪು ಬೆರೆಸಿ, ತೆಳುವಾಗಿ ಎರಡೂ ಬದಿ ವಾಟರ್ ಕಲರ್ ಬಳಿಯಿರಿ. ಒಣಗಿದ ಮೇಲೆ ದಪ್ಪ ಪುಸ್ತಕದಡಿ ಇಡಿ.

ಈಗ ಕೊಕ್ಕು. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಸುರುಳಿ ಸುತ್ತಿ ನೋಡಿ. ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ. ಸಲೀಸಾದ ಸುರುಳಿಯ ಉದ್ದಕ್ಕೆ ಕಾಗದದ ನಾರು ಓಡುತ್ತದೆ. ಕೊಕ್ಕಿನ ಉದ್ದವೂ ಅದೇ ದಿಕ್ಕಿಗೆ ಬರಬೇಕು. ಇದನ್ನು ನೋಡದೆ ಕತ್ತರಿಸಿದರೆ ಮಡಿಕೆಯಲ್ಲಿ ಕಾಗದ ಬಿರಿಯುತ್ತದೆ.

ಎಲೆಯ ಆಕಾರಕ್ಕೆ ಕತ್ತರಿಸಿ, ಬುಡದಿಂದ ತುದಿಯವರೆಗೆ ಬಿಲ್ಲಿನಂತೆ ಬಾಗಿದ ಗೆರೆ ಎಳೆಯಿರಿ. ನೇರ ಗೆರೆ ಹಾಕಿದರೆ ಸುಮ್ನೆ ಮಡಿಚಿದ ಚೀಟಿ ಆಗುತ್ತದೆ, ಕೊಕ್ಕು ಬರುವುದಿಲ್ಲ. ಅಡಿಯಲ್ಲಿ ಮಡಿಚಿದ ಬಟ್ಟೆ ಹಾಸಿ, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆಯ ಮೇಲೆ ಹಗುರಾಗಿ ಎರಡು ಮೂರು ಸಲ ಒತ್ತಿ. ಬ್ಲೇಡು ಮುಟ್ಟಬೇಡಿ, ಕಾಗದ ಅರ್ಧ ಕತ್ತರಿಸಿ ಹೋಗುತ್ತದೆ. ಆಮೇಲೆ ಬುಡದಿಂದ ಶುರುಮಾಡಿ, ಬೆರಳ ತುದಿಯಲ್ಲಿ ಗೆರೆಯನ್ನು ಚೂರು ಚೂರೇ ಒತ್ತಿ ಮಡಿಚುತ್ತಾ ತುದಿಗೆ ಹೋಗಿ. ಗೆರೆಯ ಒಂದು ಬದಿ ಉಬ್ಬುತ್ತದೆ, ಇನ್ನೊಂದು ತಗ್ಗುತ್ತದೆ. ಅದನ್ನು ತಡೆಯಬೇಡಿ, ಕೊಕ್ಕು ಬಾಗುವುದೇ ಅದರಿಂದ. ನೀರು ಸವರಿದರೆ ಬೇಗ ಬಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಬಣ್ಣ ಕದಡುತ್ತದೆ, ಆ ದಾರಿ ಬೇಡ.

ಉಳಿದ ದಳಗಳನ್ನು ಪೆನ್ಸಿಲ್ಲಿಗೆ ಸುತ್ತಿ ಬಿಟ್ಟರೆ ಸಾಕು. ಕೊಕ್ಕು ನಡುವೆ, ಎರಡು ದಳ ಪಕ್ಕಕ್ಕೆ, ಅಗಲದ್ದು ಹಿಂದೆ. ಫೆವಿಕಾಲ್ ಅನ್ನು ಕಡ್ಡಿಯ ತುದಿಯಲ್ಲಿ ಚೂರೇ ಹಚ್ಚಿ. ನೀರಾದ ಅಗ್ಗದ ಗೋಂದು ಕಾಗದವನ್ನು ನೆನೆಸಿ ಬಾಗನ್ನೇ ಬಿಡಿಸಿಬಿಡುತ್ತದೆ. ಬುಡಕ್ಕೆ ಕಡುಗಂದು ಕಾಗದದ ಬಟ್ಟಲು ಕೂರಿಸಿ, ತಂತಿಗೆ ಗೊಂಚಲಾಗಿ ಕಟ್ಟಿ.

ಹಸಿರೆಲೆ ಸೇರಿಸಬೇಡಿ. ಹೂ ಬಿಡುವಾಗ ಮರ ಬೋಳಾಗಿರುತ್ತದೆ, ಅಲ್ವಾ? ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ, ಬಣ್ಣ ಬೇಗ ಮಾಸುತ್ತದೆ.