ಹಾಕಿ ತಂಡವನ್ನು ಸರಿಯಾಗಿ ಬೈಯುವುದು ಹೇಗೆ?

ನಾನು ಹೇಳುತ್ತಿರುವುದು ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಐಸ್ ಹಾಕಿ ಬಗ್ಗೆ. ಸೋತ ರಾತ್ರಿ ಕೋಚ್‌ಗೆ ಬೈಯುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ನಾನೂ ವರ್ಷಗಟ್ಟಲೆ ಬೈದಿದ್ದೇನೆ. ಆದರೆ ಆಟಗಾರರನ್ನು ತಂಡ ಹೇಗೆ ನಡೆಸಿಕೊಳ್ಳುತ್ತಿದೆ ಅನ್ನೋದು ಸ್ಕೋರ್ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ನೋಟ್‌ಬುಕ್ ಬೇಕು.

ಮೊದಲು ಆಡದವರ ಹೆಸರು ಬರೆಯಿರಿ. ರೋಸ್ಟರ್‌ನಲ್ಲಿ, ಅಂದರೆ ತಂಡದ ಪಟ್ಟಿಯಲ್ಲಿ, ಹೆಚ್ಚೆಂದರೆ 23 ಜನ. ಪಂದ್ಯಕ್ಕೆ ಇಳಿಯುವವರು 20, ಅದರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಗಾಯವಿಲ್ಲದೆಯೂ ಹೊರಗೆ ಕೂತವನು ‘ಹೆಲ್ದಿ ಸ್ಕ್ರ್ಯಾಚ್’. ಅವನ ಹೆಸರನ್ನು ನಾನು ಕೆಂಪು ಪೆನ್ನಲ್ಲಿ ಬರೆಯುತ್ತೇನೆ. ಮೂವತ್ತೈದು ದಾಟಿದವನು ಎರಡು ಪಂದ್ಯ ಕೂತರೆ ಅದು ವಿಶ್ರಾಂತಿ ಇರಬಹುದು. ಇಪ್ಪತ್ತರ ಹುಡುಗನ ಹೆಸರು ಸಾಲಾಗಿ ಎಂಟು ಸಲ ಕೆಂಪಾದರೆ ಮಾತ್ರ ಸುಮ್ನಿರಬೇಡಿ. ಕೆಳಹಂತದ ಲೀಗ್ ಎಎಚ್‌ಎಲ್‌ನಲ್ಲಿ ಪ್ರತಿ ಪಂದ್ಯವೂ ಆಡಬೇಕಾದವನು ಇಲ್ಲಿ ಮೇಲೆ ಕೂತು ಪಂದ್ಯ ನೋಡುತ್ತಿದ್ದಾನೆ.

ಆಮೇಲೆ ವೇವರ್, ಅಂದರೆ ಬೇರೆ ತಂಡಗಳು ಎತ್ತಿಕೊಳ್ಳಬಹುದಾದ ಆಟಗಾರರ ಪಟ್ಟಿ. ನಾನು ಎಡವಿದ್ದು ಇಲ್ಲೇ. ಚೆನ್ನಾಗಿ ಆಡುತ್ತಿದ್ದ ಒಬ್ಬ ಹುಡುಗ ಡಿಫೆನ್ಸ್‌ಮನ್‌ನನ್ನು ಎಎಚ್‌ಎಲ್‌ಗೆ ಕಳಿಸಿದಾಗ ಕೋಚ್‌ಗೆ ಕಣ್ಣೇ ಇಲ್ಲ ಎಂದು ಕೂಗಾಡಿದ್ದೆ. ಕಾರಣ ಬೇರೆಯೇ ಇತ್ತು. ಹಳಬರನ್ನು ಕೆಳಗೆ ಕಳಿಸಬೇಕಾದರೆ ಮೊದಲು ವೇವರ್‌ಗೆ ಹಾಕಬೇಕು. 24 ಗಂಟೆಯೊಳಗೆ ಉಳಿದ 31 ತಂಡಗಳಲ್ಲಿ ಯಾವುದಾದರೂ ಅವನನ್ನು ಎತ್ತಿಕೊಳ್ಳಬಹುದು. ಹೊಸ ಹುಡುಗರಿಗೆ ಒಂದಷ್ಟು ಕಾಲ ಆ ತಾಪತ್ರಯವಿಲ್ಲ. ಹಾಗಾಗಿ ಜಾಗ ಬೇಕಾದಾಗೆಲ್ಲ ಹೋಗುವವನು ಹುಡುಗನೇ, ಆಟ ಹೇಗೇ ಇರಲಿ. ಆಗ ಕೇಳಬೇಕಾದ ಪ್ರಶ್ನೆ ಆಟಗಾರರನ್ನು ಆರಿಸಿ ತಂಡ ಕಟ್ಟುವ ಜನರಲ್ ಮ್ಯಾನೇಜರ್‌ಗೆ: ಹೆಚ್ಚುವರಿ ಏಳನೇ, ಎಂಟನೇ ಡಿಫೆನ್ಸ್‌ಮನ್ ಆಗಿ ಅಷ್ಟೊಂದು ಹಳಬರನ್ನು ಯಾಕೆ ತುಂಬಿಸಿಕೊಂಡಿರಿ?

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2025-26ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಸಂಬಳದ ಮಿತಿ, 9.55 ಕೋಟಿ ಡಾಲರ್. ಬೈಔಟ್ ಮಾಡಿ, ಅಂದರೆ ಒಪ್ಪಂದ ಮುಗಿಯುವ ಮೊದಲೇ ಒಂದಷ್ಟು ಹಣ ಕೊಟ್ಟು, ಕಳಿಸಿದವನ ಹಣ, ಒಪ್ಪಂದದಲ್ಲಿ ಉಳಿದಿದ್ದ ವರ್ಷಗಳ ಎರಡರಷ್ಟು ಕಾಲ ಆ ಲೆಕ್ಕದಲ್ಲಿ ಕೂತಿರುತ್ತದೆ. ಅಂಥ ಹೆಸರು ಎಷ್ಟಿವೆ ಎಂದು ಎಣಿಸಿ, ಸಾಕು.

ಕೊನೆಗೆ ಗಾಯ. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ಬಫಲೋ ತಂಡದ ಜ್ಯಾಕ್ ಐಕಲ್‌ಗೆ 2021ರಲ್ಲಿ ಕುತ್ತಿಗೆಯ ಡಿಸ್ಕ್‌ಗೆ ಪೆಟ್ಟಾಯಿತು. ಅವರಿಗೆ ಕೃತಕ ಡಿಸ್ಕ್ ಹಾಕಿಸಿಕೊಳ್ಳುವ ಆಸೆ. ತಂಡಕ್ಕೆ ಮೂಳೆ ಬೆಸೆಯುವ ಆಪರೇಷನ್ ಬೇಕಿತ್ತು. ಲೀಗ್ ಮತ್ತು ಆಟಗಾರರ ಸಂಘದ ಅಂದಿನ ಒಪ್ಪಂದದ ಪ್ರಕಾರ ಕೊನೆಯ ಮಾತು ತಂಡದ್ದೇ. ನಾಯಕತ್ವ ಹೋಯಿತು, ನವೆಂಬರ್‌ನಲ್ಲಿ ವೆಗಾಸ್‌ಗೆ ಟ್ರೇಡ್ ಆಯಿತು. ಅಲ್ಲಿ ಬೇಕಾದ ಆಪರೇಷನ್ನೇ ಮಾಡಿಸಿಕೊಂಡು 2023ರಲ್ಲಿ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. ಬಫಲೋ ನಿಯಮ ಮುರಿಯಲಿಲ್ಲ. ಅದನ್ನೂ ಬರೆಯಿರಿ. ಆದರೆ ಕುತ್ತಿಗೆ ಯಾರದ್ದು ಅಂತ ಕೇಳಬೇಕಲ್ವಾ?

ಇನ್ನೊಂದು ಮಾತು. ತಂಡದ ತೀರ್ಮಾನ ಬಂದ ದಿನವೇ ನಿಮ್ಮ ಅಭಿಪ್ರಾಯವನ್ನು ತಾರೀಖು ಹಾಕಿ ಬರೆದಿಡಿ. ಕಪ್ ಗೆದ್ದ ಮೇಲೆ ಬುದ್ಧಿವಂತರಾಗುವುದು ಸುಲಭ. ನನ್ನ ನೋಟ್‌ಬುಕ್ಕಿನಲ್ಲಿ ಆ ಡಿಫೆನ್ಸ್‌ಮನ್ ಹೆಸರಿನ ಪಕ್ಕ ‘ಕೋಚ್ ಕುರುಡ’ ಅಂತ ಇನ್ನೂ ಇದೆ. ಅಳಿಸಿಲ್ಲ.