ಜಪಾನಿನಿಂದ ತರುವುದಾದರೆ ತೆನುಗುಯಿ ತನ್ನಿ

ಜಪಾನಿಗೆ ಹೋದವರು ಮನೆಯವರಿಗೂ ನೆರೆಹೊರೆಯವರಿಗೂ ಏನನ್ನಾದರೂ ತರಬೇಕೆಂದಿದ್ದರೆ, ಕಪಾಟಿನಲ್ಲಿ ಧೂಳು ಹಿಡಿಯುವ ಗೊಂಬೆ, ಕೀಲಿಗೊಂಚಲುಗಳ ಬದಲು ತೆನುಗುಯಿ ಎಂಬ ಹತ್ತಿಯ ಕೈವಸ್ತ್ರವನ್ನು ತನ್ನಿ. ಕೊಳ್ಳುವ ಮುನ್ನ ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ತಪ್ಪದೆ ನೋಡಿ. ಚೂಸೆನ್ ಎಂಬ ಸಾಂಪ್ರದಾಯಿಕ ವಿಧಾನದಲ್ಲಿ ಮಡಿಕೆಯಾಗಿಟ್ಟ ಬಟ್ಟೆಯ ಮೇಲೆ ಬಣ್ಣವನ್ನು ಸುರಿದು ಎಳೆಗಳೊಳಗೆ ಇಳಿಸುವುದರಿಂದ ಚಿತ್ತಾರ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುತ್ತದೆ. ಹಿಂಬದಿ ಬಿಳಿಚಿಕೊಂಡಿದ್ದರೆ ಅದು ಬಹುಮಟ್ಟಿಗೆ ಮೇಲ್ಮೈ ಮುದ್ರಣವೆಂದು ತಿಳಿಯಬಹುದು. ಸುಮಾರು 35 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಈ ತೆಳುವಸ್ತ್ರ ನಮ್ಮ ಪಾಣಿಪಂಚೆಯ ಹತ್ತಿರದ ನಂಟನಂತಿದ್ದು, ಕೈ ಒರೆಸಲು, ತಲೆಗೆ ಕಟ್ಟಲು, ಊಟದ ಡಬ್ಬಿ ಸುತ್ತಲು, ಪೆಟ್ಟಿಗೆಯಲ್ಲಿ ಪಿಂಗಾಣಿ ಬಟ್ಟಲು ಒಡೆಯದಂತೆ ಹೊದಿಸಿ ತರಲು ಸಹ ಒದಗುತ್ತದೆ. ಎರಡೂ ತುದಿಗಳನ್ನು ಹೊಲಿಯದೆ ಬಿಟ್ಟಿರುವುದು ದೋಷವಲ್ಲ. ಮಡಿಚಿ ಹೊಲಿದ ಅಂಚಿನಲ್ಲಿ ನಿಲ್ಲುವ ತೇವ ಅಲ್ಲಿ ನಿಲ್ಲದ ಕಾರಣ ಮಲೆನಾಡಿನ ಮಳೆಗಾಲದಂಥ ಹವೆಯಲ್ಲೂ ಅದು ದಪ್ಪ ಟವೆಲಿಗಿಂತ ಬೇಗ ಒಣಗುತ್ತದೆ. ಮೊದಲ ಕೆಲವು ಒಗೆತಗಳಲ್ಲಿ ತುದಿಯಿಂದ ನೂಲು ಬಿಚ್ಚುತ್ತದೆ. ಎಳೆಯದೆ ಕತ್ತರಿಯಿಂದ ಕತ್ತರಿಸಿದರೆ ಕ್ರಮೇಣ ತಾನಾಗಿ ನಿಲ್ಲುತ್ತದೆ. ಗಾಢ ಬಣ್ಣದವು, ಅದರಲ್ಲೂ ನೀಲಿ, ಆರಂಭದಲ್ಲಿ ಬಣ್ಣ ಬಿಡುವುದರಿಂದ ತಣ್ಣೀರಿನಲ್ಲಿ ಬೇರೆಯಾಗಿ, ನೆನೆಹಾಕದೆ ಒಗೆಯಬೇಕು, ಬಿಳಿ ಪಂಚೆಯ ಜೊತೆಗಂತೂ ಹಾಕಲೇಬಾರದು. ಸ್ನಾನದ ನಂತರ ಮೈಯೆಲ್ಲ ಒರೆಸಿಕೊಳ್ಳಲು ದಪ್ಪ ಟವೆಲು ಬಯಸುವವರಿಗೆ ಇದು ಸಾಲದು.